ಸಸ್ಕಾಚೆವಾನ್‌ನಲ್ಲಿ ಒಂದು ಕರ್ಲಿಂಗ್ ವಾರ

ಕೆನಡಾ ಅಂದ್ರೆ ಐಸ್ ಹಾಕಿ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಹಾಕಿಗೆ ಅಲ್ಲಿ ದುಡ್ಡು, ಗಲಾಟೆ, ಹೆಸರು ಎಲ್ಲ ಜಾಸ್ತಿ, ನಿಜ. ಆದರೆ ಗೋಧಿ ಬೆಳೆಯುವ ಬಯಲು ಪ್ರಾಂತ್ಯಗಳಿಗೆ ಹೋದರೆ ಕಥೆ ಬೇರೆ. ಸಸ್ಕಾಚೆವಾನ್ ಪ್ರಾಂತ್ಯ 2001ರಲ್ಲಿ ಐಸ್ ಮೇಲೆ ಕಲ್ಲು ಜಾರಿಸಿ ಗುರಿ ಮುಟ್ಟಿಸುವ ಕರ್ಲಿಂಗನ್ನು ತನ್ನ ಅಧಿಕೃತ ಆಟ ಮಾಡಿಕೊಂಡಿತು. ವಿಸ್ತೀರ್ಣದಲ್ಲಿ ಕರ್ನಾಟಕದ ಮೂರು ಪಟ್ಟಿಗಿಂತ ದೊಡ್ಡ ನಾಡು ಅದು. ಜನ ಮಾತ್ರ ಹನ್ನೆರಡು ಲಕ್ಷದ ಆಸುಪಾಸು.

ನನ್ನ ಅಣ್ಣನ ಮಗ ಸಸ್ಕಟೂನ್‌ನಲ್ಲಿ ಪೊಟ್ಯಾಷ್ ಗಣಿ ಕಂಪನಿಯಲ್ಲಿ ಇಂಜಿನಿಯರ್. ಮನೆಯಲ್ಲಿ ಅವನು ಇವತ್ತಿಗೂ ಪುಟ್ಟನೇ. 2024ರ ಮಾರ್ಚ್‌ನಲ್ಲಿ ನಾನು ಹೋದಾಗ ಅವನು ರಜೆ ಹಾಕಿ ಕೂತಿದ್ದ. ರಜೆ ನನಗಾಗಿ ಅಲ್ಲ, ಬ್ರಯರ್‌ಗಾಗಿ. ಬ್ರಯರ್ ಅಂದರೆ ಗಂಡಸರ ರಾಷ್ಟ್ರೀಯ ಕರ್ಲಿಂಗ್ ಪಂದ್ಯಾವಳಿ. ಆ ವರ್ಷ ಅದು ಪ್ರಾಂತ್ಯದ ರಾಜಧಾನಿ ರಿಜೈನಾದಲ್ಲಿ ನಡೆಯುತ್ತಿತ್ತು. "ಅತ್ತೆ, ನಯಾಗರಾ ಎಲ್ಲೂ ಓಡಿ ಹೋಗಲ್ಲ. ಇದು ಊರಿಗೆ ಬರೋದು ಅಪರೂಪ" ಅಂದ.

ಸೋಮವಾರ, ಸಸ್ಕಟೂನ್

ಹಿಂದಿನ ದಿನವೆಲ್ಲ ಹಿಮ ಸುರಿದು ರಸ್ತೆ ಬದಿಯಲ್ಲಿ ಸೊಂಟದೆತ್ತರ ಗುಡ್ಡೆಯಾಗಿತ್ತು. ನಮ್ಮೂರಲ್ಲಿ ಹೀಗೆ ಮಳೆ ಬಂದರೆ ಶಾಲೆಗೆ ರಜೆ, ಮನೆಯಲ್ಲಿ ಬಜ್ಜಿ. ಇಲ್ಲಿ ಸಂಜೆ ಏಳಕ್ಕೆ ಎಲ್ಲರೂ ಕಾರಿನ ಮೇಲಿನ ಹಿಮ ಕೆರೆದು ಕ್ಲಬ್ಬಿಗೆ ಹೊರಟರು. ಪುಟ್ಟನ ಲೀಗ್ ಪಂದ್ಯ ಅವತ್ತು.

ಕರ್ಲಿಂಗ್ ಕ್ಲಬ್ ಹೊರಗಿನಿಂದ ನೋಡಿದರೆ ಒಂದು ದೊಡ್ಡ ಗೋಡೌನ್. ಒಳಗೆ ಎರಡು ಭಾಗ. ಒಂದು ಕಡೆ ಐಸ್. ಇನ್ನೊಂದು ಕಡೆ ಗಾಜಿನ ಗೋಡೆ ಹಾಕಿದ ಬೆಚ್ಚಗಿನ ಹಾಲ್, ಅದರಲ್ಲಿ ಕುರ್ಚಿ, ಬಾರ್, ಅಡುಗೆಮನೆ. ನಾನೂ ಸೊಸೆಯೂ ಗಾಜಿನ ಈಚೆ ಕೂತೆವು. ಪಕ್ಕದ ಮೇಜಿನ ಹೆಂಗಸು ತಾನಾಗಿಯೇ ಎದ್ದು ಬಂದು ಆಟ ಹೇಳಿಕೊಡಲು ಶುರು ಮಾಡಿದರು. ಅಲ್ಲಿ ಇದು ಸಾಮಾನ್ಯವಂತೆ. ಹೊಸಬರು ಸಿಕ್ಕರೆ ಬಿಡುವುದಿಲ್ಲ.

ಐಸಿನ ಒಂದೊಂದು ಅಂಕಣ ಸುಮಾರು 45 ಮೀಟರ್ ಉದ್ದ, ಐದು ಮೀಟರ್‌ಗಿಂತ ಸ್ವಲ್ಪ ಕಡಿಮೆ ಅಗಲ. ಎರಡು ತುದಿಯಲ್ಲೂ ಹನ್ನೆರಡು ಅಡಿ ಅಗಲದ ವೃತ್ತ. ಅದಕ್ಕೆ ಹೌಸ್ ಅನ್ನುತ್ತಾರೆ. ತಂಡಕ್ಕೆ ನಾಲ್ಕು ಜನ, ಒಬ್ಬೊಬ್ಬರಿಗೆ ಎರಡು ಕಲ್ಲು. ಒಬ್ಬರು ಬಿಟ್ಟ ಮೇಲೆ ಎದುರು ತಂಡದವರು. ಹದಿನಾರು ಕಲ್ಲು ಮುಗಿದರೆ ಒಂದು ಎಂಡ್. ಯಾರ ಕಲ್ಲು ವೃತ್ತದ ನಡುವಿಗೆ ಹತ್ತಿರವೋ ಅವರಿಗೇ ಅಂಕ. ಎದುರಾಳಿಯ ಅತಿ ಹತ್ತಿರದ ಕಲ್ಲಿಗಿಂತ ಒಳಗಿರುವ ನಿಮ್ಮ ಕಲ್ಲು ಎಷ್ಟೋ ಅಷ್ಟು ಅಂಕ. ಇಷ್ಟೇ ನಿಯಮ. ಒಂದು ಕಲ್ಲು ಹದಿನೇಳರಿಂದ ಇಪ್ಪತ್ತು ಕೆಜಿ ತೂಗುತ್ತದೆ. ಗ್ರಾನೈಟ್. ಅದಕ್ಕೆ ಮೇಲೊಂದು ಹಿಡಿ, ಒಂದು ತಂಡಕ್ಕೆ ಕೆಂಪು, ಇನ್ನೊಂದಕ್ಕೆ ಹಳದಿ.

ಪಂದ್ಯಕ್ಕೆ ಮುಂಚೆ ಒಬ್ಬಾತ ಬೆನ್ನಿಗೆ ನೀರಿನ ಕ್ಯಾನ್ ಕಟ್ಟಿಕೊಂಡು ಹಿಂದೆ ಹಿಂದೆ ನಡೆಯುತ್ತಾ ಐಸ್ ಮೇಲೆ ಹನಿ ಚಿಮುಕಿಸಿದ. ರಂಗೋಲಿಗೆ ಮುಂಚೆ ಅಂಗಳಕ್ಕೆ ನೀರು ಚಿಮುಕಿಸುವ ಹಾಗೆಯೇ ಇತ್ತು ಆ ಕೈ ಬೀಸು. ಹನಿಗಳು ಅಲ್ಲೇ ಹೆಪ್ಪುಗಟ್ಟಿ ಸಣ್ಣ ಸಣ್ಣ ಗುಳ್ಳೆಯಾಗುತ್ತವೆ. ಇದಕ್ಕೆ ಪೆಬಲ್ ಎಂದು ಹೆಸರು. ಕಲ್ಲಿನ ತಳ ಒಳಕ್ಕೆ ತಗ್ಗಾಗಿದೆ, ಒಂದು ತೆಳು ಉಂಗುರ ಮಾತ್ರ ಐಸಿಗೆ ತಾಗುತ್ತದೆ. ಆ ಉಂಗುರ ಈ ಗುಳ್ಳೆಗಳ ಮೇಲೆ ಓಡುತ್ತದೆ. ನುಣ್ಣಗಿನ ಐಸ್ ಆಗಿದ್ದರೆ ಕಲ್ಲು ಅರ್ಧ ದಾರಿಯಲ್ಲೇ ನಿಂತುಬಿಡುತ್ತಿತ್ತು.

ಬಿಡುವಾಗ ಹಿಡಿಯನ್ನು ಸ್ವಲ್ಪ ತಿರುಗಿಸುತ್ತಾರೆ. ಆಗ ಕಲ್ಲು ಕೊನೆಕೊನೆಗೆ ಬಾಗುತ್ತದೆ. ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಬಲಕ್ಕೆ. ಟೇಬಲ್ ಮೇಲೆ ಲೋಟ ಬೋರಲು ಹಾಕಿ ಹಾಗೆಯೇ ತಿರುಗಿಸಿ ತಳ್ಳಿ ನೋಡಿ, ಅದು ಎಡಕ್ಕೆ ಹೋಗುತ್ತದೆ! ಯಾಕೆ ಹೀಗೆ ಅನ್ನುವುದರ ಬಗ್ಗೆ ಭೌತಶಾಸ್ತ್ರದವರು ಇನ್ನೂ ಜಗಳವಾಡುತ್ತಿದ್ದಾರೆ. ಕಲ್ಲಿನ ಮುಂದೆ ಇಬ್ಬರು ಬ್ರೂಮ್ ಹಿಡಿದು ಐಸ್ ಉಜ್ಜುತ್ತಾ ಓಡುತ್ತಾರಲ್ಲ, ಅದು ಸುಮ್ನೆ ಅಲ್ಲ. ಉಜ್ಜಿದರೆ ಐಸ್ ಒಂಚೂರು ಬಿಸಿಯಾಗಿ ಕಲ್ಲು ಇನ್ನಷ್ಟು ದೂರ, ಇನ್ನಷ್ಟು ನೇರ ಹೋಗುತ್ತದೆ. ಬಿಟ್ಟ ಕಲ್ಲನ್ನು ದಾರಿಯಲ್ಲಿ ತಿದ್ದಬಹುದಾದ ಆಟ ಇನ್ಯಾವುದಿದೆ?

ನನ್ನ ಕಣ್ಣು ಜಾಸ್ತಿ ಇದ್ದದ್ದು ಆಡುವವರ ಮೇಲೆ. ಪುಟ್ಟನ ತಂಡದಲ್ಲಿ ಒಬ್ಬಳು ನರ್ಸ್, ಒಬ್ಬ ಸ್ಕೂಲ್ ಬಸ್ ಡ್ರೈವರ್, ಒಬ್ಬ ನಿವೃತ್ತ ರೈತ. ರೈತನಿಗೆ ಎಂಬತ್ತರ ಹತ್ತಿರ. ಬಗ್ಗಲು ಆಗುವುದಿಲ್ಲ. ಉದ್ದನೆಯ ಕೋಲಿನ ತುದಿಯನ್ನು ಕಲ್ಲಿನ ಹಿಡಿಗೆ ಸಿಕ್ಕಿಸಿ ನಡೆಯುತ್ತಲೇ ತಳ್ಳುತ್ತಾನೆ. ನಿಯಮ ಅದಕ್ಕೂ ಒಪ್ಪುತ್ತದೆ. ತಂಡದಲ್ಲಿ ಅತಿ ಚೆನ್ನಾಗಿ ಆಡಿದ್ದೂ ಅವನೇ.

ಅಂಪೈರ್ ಇರಲಿಲ್ಲ. ಉಜ್ಜುವಾಗ ಬ್ರೂಮ್ ಕಲ್ಲಿಗೆ ತಾಗಿದರೆ ತಾಗಿಸಿದವರೇ ಹೇಳಬೇಕು. ನರ್ಸ್ ಹುಡುಗಿ ಒಮ್ಮೆ ಹಾಗೆ ಕೈ ಎತ್ತಿದಳು. ಯಾರೂ ಗಮನಿಸಿರಲಿಲ್ಲ. ಪಂದ್ಯ ಮುಗಿದ ಮೇಲೆ ಎಲ್ಲರೂ ಕೈಕುಲುಕಿ, ಎರಡೂ ತಂಡ ಒಂದೇ ಮೇಜಿಗೆ ಬಂದು ಕೂತಿತು. ಗೆದ್ದವರು ಸೋತವರಿಗೆ ಕುಡಿಯಲು ಕೊಡಿಸಬೇಕು. ಸ್ಕಾಟ್ಲೆಂಡಿನವರಿಂದ ಬಂದ ರೂಢಿ. ಪುಟ್ಟ ಸೋತಿದ್ದ, ಹಾಗಾಗಿ ನಮಗೂ ಬಿಟ್ಟಿ ಕಾಫಿ. "ನಮ್ಮ ತಂಡಕ್ಕೆ ಈ ವರ್ಷ ಬಿಯರ್ ಖರ್ಚೇ ಇಲ್ಲ ಅತ್ತೆ" ಅಂದ.

ಮಂಗಳವಾರ, ಬಿಗ್ಗರ್

ಸಸ್ಕಟೂನ್‌ನಿಂದ ಪಶ್ಚಿಮಕ್ಕೆ ನೂರು ಕಿಲೋಮೀಟರ್‌ಗೆ ಸ್ವಲ್ಪ ಕಮ್ಮಿ. ದಾರಿಯುದ್ದಕ್ಕೂ ಬಿಳಿ ಬಯಲು, ನಡುನಡುವೆ ಧಾನ್ಯದ ಎತ್ತರದ ಕಣಜಗಳು. ಬಿಗ್ಗರ್ ರೈಲಿನಿಂದ ಹುಟ್ಟಿದ ಊರು, ಜನ ಎರಡು ಸಾವಿರ ಚಿಲ್ಲರೆ. ಊರ ಬಾಗಿಲಲ್ಲಿ ದೊಡ್ಡ ಬೋರ್ಡ್: 'ನ್ಯೂಯಾರ್ಕ್ ಈಸ್ ಬಿಗ್, ಬಟ್ ದಿಸ್ ಈಸ್ ಬಿಗ್ಗರ್'. ಫೋಟೊ ಹೊಡೆಸಿಕೊಂಡೆವು. ಅದನ್ನು ಬಿಟ್ಟು ಬರುವವರು ಯಾರೂ ಇಲ್ಲವಂತೆ.

ನಾವು ಹೋದದ್ದು ಸ್ಯಾಂಡ್ರಾ ಶ್ಮರ್ಲರ್ ಊರು ನೋಡಲು. ಅವರ ಹೆಸರಿನ ಪಾರ್ಕ್ ಒಂದಿದೆ, ನಾವು ಹೋದಾಗ ಹಿಮದಲ್ಲಿ ಮುಳುಗಿತ್ತು. 1998ರ ನಾಗಾನೋ ಒಲಿಂಪಿಕ್ಸ್‌ನಲ್ಲಿ ಹೆಂಗಸರ ಕರ್ಲಿಂಗ್‌ಗೆ ಮೊದಲ ಸಲ ಪದಕ ಇಟ್ಟರು. ಆ ಚಿನ್ನ ಗೆದ್ದದ್ದು ಶ್ಮರ್ಲರ್ ತಂಡ. ಅದಕ್ಕೂ ಮುಂಚೆ 1993, 1994, 1997ರಲ್ಲಿ ಕೆನಡಾ ಚಾಂಪಿಯನ್, ಆ ಮೂರೂ ವರ್ಷ ವಿಶ್ವ ಚಾಂಪಿಯನ್. ಇಷ್ಟೆಲ್ಲ ಗೆದ್ದ ಹೆಂಗಸಿನ ಉದ್ಯೋಗ? ರಿಜೈನಾದಲ್ಲಿ ನಗರಸಭೆಯ ಈಜುಕೊಳ ಇರುವ ಒಂದು ಕೇಂದ್ರ ನೋಡಿಕೊಳ್ಳುವುದು. ಈಗ ಆ ಕೇಂದ್ರಕ್ಕೇ ಅವರ ಹೆಸರಿಟ್ಟಿದ್ದಾರೆ.

ಒಲಿಂಪಿಕ್ಸ್‌ಗೆ ಆಯ್ಕೆ ಪಂದ್ಯಗಳು ನಡೆದದ್ದು 1997ರ ಕೊನೆಯಲ್ಲಿ, ಬ್ರ್ಯಾಂಡನ್ ಪಟ್ಟಣದಲ್ಲಿ. ಶ್ಮರ್ಲರ್‌ಗೆ ಆಗ ಕೂಸು ಹುಟ್ಟಿ ಕೆಲವೇ ವಾರ. ಫೈನಲ್‌ನಲ್ಲಿ ಬದಿಗಿದ್ದ ಒಂದು ಕಲ್ಲಿಗೆ ತನ್ನ ಕಲ್ಲು ತಾಗಿಸಿ, ಅದು ಓರೆಯಾಗಿ ಒಳಗೆ ನುಗ್ಗಿ ಎದುರಾಳಿ ಕಲ್ಲನ್ನು ಆಚೆ ಹಾಕುವಂತೆ ಮಾಡಿ ಮೂರು ಅಂಕ ತೆಗೆದರು. ಬಿಗ್ಗರ್‌ನ ಹೋಟೆಲ್‌ನಲ್ಲಿ ನಮಗೆ ಸೂಪು ತಂದುಕೊಟ್ಟ ಹೆಂಗಸು ಉಪ್ಪಿನ ಡಬ್ಬಿ, ಮೆಣಸಿನ ಡಬ್ಬಿ ಜೋಡಿಸಿ ಆ ಹೊಡೆತ ತೋರಿಸಿದರು. ಇಪ್ಪತ್ತಾರು ವರ್ಷದ ಮೇಲೆ!

ಚಿನ್ನ ಗೆದ್ದ ಎರಡೇ ವರ್ಷಕ್ಕೆ, 2000ದ ಮಾರ್ಚ್ 2ರಂದು, ಕ್ಯಾನ್ಸರ್‌ನಿಂದ ಅವರು ತೀರಿಕೊಂಡರು. ವಯಸ್ಸು 36. ಆ ವಾರ ಸಸ್ಕಟೂನ್‌ನಲ್ಲಿ ಬ್ರಯರ್ ನಡೆಯುತ್ತಿತ್ತು. ಅಂತ್ಯಸಂಸ್ಕಾರದ ಪ್ರಾರ್ಥನೆಯನ್ನು ಟಿವಿ ಇಡೀ ದೇಶಕ್ಕೆ ನೇರ ತೋರಿಸಿತು. ಬ್ರಯರ್‌ನಲ್ಲಿ ಪಂದ್ಯ ತಡಮಾಡಿ, ಅಂಗಣದ ದೊಡ್ಡ ಪರದೆಯಲ್ಲಿ ಎಲ್ಲರೂ ಅದನ್ನು ನೋಡಿದರು. ಅವರ ಹೆಸರಿನ ಪ್ರತಿಷ್ಠಾನ ಇವತ್ತು ತಿಂಗಳು ತುಂಬದೆ ಹುಟ್ಟಿದ ಮಕ್ಕಳ ಚಿಕಿತ್ಸೆಗೆ ಆಸ್ಪತ್ರೆಗಳಿಗೆ ಉಪಕರಣ ಕೊಡಿಸುತ್ತದೆ.

ಬರುವಾಗ ಸೊಸೆ ಹೇಳಿದಳು: "ಇಲ್ಲಿ ಯಾರನ್ನ ಕೇಳಿದ್ರೂ ಸ್ಯಾಂಡ್ರಾ ಗೊತ್ತು ಅಂತಾರೆ ಅತ್ತೆ. ಮೊದಮೊದಲು ಜಂಬ ಅಂದ್ಕೊಂಡಿದ್ದೆ. ಆಮೇಲೆ ನೋಡಿದ್ರೆ ನಿಜವಾಗಿಯೂ ಗೊತ್ತು." ನನಗೆ ಈ ಆಟದ ಗುಟ್ಟು ಸಿಕ್ಕಿದ್ದು ಆ ಮಾತಿನಲ್ಲಿ. ನಮ್ಮಲ್ಲಿ ಕ್ರಿಕೆಟಿಗ ಅಂದರೆ ಜಾಹೀರಾತಿನಲ್ಲಿ ಸಿಗುವವನು. ಇವರ ಚಾಂಪಿಯನ್ ಈಜುಕೊಳದ ಕೌಂಟರ್ ಹತ್ತಿರ ಸಿಗುತ್ತಿದ್ದರು.

ಬುಧವಾರ, ರಿಜೈನಾ

ಹೆದ್ದಾರಿ 11ರಲ್ಲಿ 260 ಕಿಲೋಮೀಟರ್. ನಾನು ನಿದ್ದೆ ಮಾಡಿದೆ. ನೋಡಲು ಏನೂ ಇಲ್ಲ, ಬೇಜಾರು ಮಾಡಿಕೊಳ್ಳಬೇಡಿ ಅಂತ ಪುಟ್ಟನೇ ಹೇಳಿದ್ದ.

ಬ್ರಯರ್ ನಡೆಯುವ ಬ್ರ್ಯಾಂಟ್ ಸೆಂಟರ್‌ನಲ್ಲಿ ಸುಮಾರು ಆರು ಸಾವಿರ ಜನ ಹಿಡಿಸುತ್ತಾರೆ. ಸಂಜೆಯ ಆಟಕ್ಕೆ ಹೋದೆವು. ನಾಲ್ಕು ಅಂಕಣ, ಒಟ್ಟಿಗೆ ನಾಲ್ಕು ಪಂದ್ಯ. ಹದಿನೆಂಟು ತಂಡಗಳು. ಒಂದೊಂದು ಪ್ರಾಂತ್ಯಕ್ಕೂ ತನ್ನ ಬಣ್ಣ. ಉತ್ತರ ಒಂಟಾರಿಯೊಗೆ ಒಂಟಾರಿಯೊದಿಂದ ಬೇರೆಯದೇ ತಂಡ. ಯೂಕಾನ್, ನುನಾವುಟ್‌ನಂಥ ಹಿಮದ ಸೀಮೆಯಿಂದಲೂ ತಂಡ ಬರುತ್ತದೆ. ಅವು ಗೆಲ್ಲುವುದು ಕಡಿಮೆ. ಆದರೆ ಅವರು ಒಂದು ಒಳ್ಳೆ ಕಲ್ಲು ಬಿಟ್ಟರೆ ಇಡೀ ಸ್ಟೇಡಿಯಂ ಚಪ್ಪಾಳೆ ಹೊಡೆಯುತ್ತದೆ. ಎದುರಾಳಿಯ ಒಳ್ಳೆ ಹೊಡೆತಕ್ಕೂ ಅಷ್ಟೇ. ತಪ್ಪಿದ ಹೊಡೆತಕ್ಕೆ ಕೂಗಿ ಗೇಲಿ ಮಾಡಿದ್ದು ನಾನು ಕೇಳಲಿಲ್ಲ.

ಬ್ರಯರ್ ಶುರುವಾದದ್ದು 1927ರಲ್ಲಿ, ಟೊರಾಂಟೊದಲ್ಲಿ. ಒಂದು ತಂಬಾಕು ಕಂಪನಿ ಹಣ ಹಾಕಿತು, ಅದರ ತಂಬಾಕಿನ ಬ್ರ್ಯಾಂಡ್ ಹೆಸರೇ ಪಂದ್ಯಾವಳಿಗೆ ಉಳಿಯಿತು. ಕಂಪನಿ ಹೋಗಿ ಬಹಳ ಕಾಲವಾಯಿತು. ಆಮೇಲೆ ಬಿಯರ್ ಕಂಪನಿ ಬಂತು, ಕಾಫಿ ಅಂಗಡಿ ಬಂತು, 2024ರಲ್ಲಿ ಒಂದು ರೆಸ್ಟೊರೆಂಟ್ ಸರಪಳಿ. ಹೆಸರು ಮಾತ್ರ ಬ್ರಯರ್. ಆಡಿದವರ ಎದೆಯ ಮೇಲೆ ನೇರಳೆ ಬಣ್ಣದ ಹೃದಯದ ಲಾಂಛನ. ಅದನ್ನು ಸಂಪಾದಿಸಲು ಜೀವನವೆಲ್ಲ ಆಡಿಯೂ ಸಿಗದವರಿದ್ದಾರೆ.

ಮೊದಲ ಒಂದು ಗಂಟೆ ನನಗೆ ಬೇಜಾರೇ ಆಯಿತು. ಹತ್ತು ಎಂಡ್ ಮುಗಿಯಲು ಮೂರು ಗಂಟೆ ಬೇಕು. ನಾಲ್ಕು ಪಂದ್ಯದಲ್ಲಿ ಯಾವುದನ್ನು ನೋಡುವುದು? ಆಮೇಲೆ ಮುಂದಿನ ಸಾಲಿನ ಅಜ್ಜ ತನ್ನ ಕಿವಿಯ ಇಯರ್‌ಫೋನ್ ತೆಗೆದು ನನಗೆ ಕೊಟ್ಟರು. ಆಟಗಾರರ ಅಂಗಿಗೆ ಮೈಕ್ ಸಿಕ್ಕಿಸಿರುತ್ತಾರೆ, ಟಿವಿ ಪ್ರಸಾರದಲ್ಲಿ ಅವರ ಮಾತು ಪೂರ್ತಿ ಕೇಳುತ್ತದೆ. ಆ ಕ್ಷಣದಿಂದ ನಾನು ಅಲ್ಲಾಡಲಿಲ್ಲ. ಇದು ಯೋಚನೆ ಮಾಡುವ ಆಟ. ನಾಯಕನಿಗೆ ಸ್ಕಿಪ್ ಅನ್ನುತ್ತಾರೆ. ಎಂಡ್‌ನ ಕೊನೆಯ ಕಲ್ಲು ಯಾರದ್ದೋ ಅವರ ಕೈಯಲ್ಲಿ ಹ್ಯಾಮರ್ ಇದೆ ಅನ್ನುತ್ತಾರೆ. ಅಂಕ ತೆಗೆದವರು ಮುಂದಿನ ಎಂಡ್‌ಗೆ ಹ್ಯಾಮರ್ ಬಿಟ್ಟುಕೊಡಬೇಕು. ಆದ್ದರಿಂದ ಒಂದೇ ಅಂಕ ಸಿಗುವ ಹಾಗಿದ್ದರೆ ಅದನ್ನೂ ಬೇಡವೆಂದು ಹೌಸ್ ಖಾಲಿ ಮಾಡಿ, ಹ್ಯಾಮರ್ ಉಳಿಸಿಕೊಳ್ಳುತ್ತಾರೆ. ಸಿಗುವ ಅಂಕವನ್ನು ಬೇಕಂತಲೇ ಬಿಡುವುದು! ಎರಡು ಅಂಕಕ್ಕೆ ಕಾಯುವ ಆ ತಾಳ್ಮೆ ನನಗೆ ಹಿಡಿಸಿತು. ಅದನ್ನು ಗಟ್ಟಿಯಾಗಿ ಚರ್ಚೆ ಮಾಡುತ್ತಾರೆ ಬೇರೆ, ಮೈಕ್‌ನಲ್ಲಿ, ಇಡೀ ದೇಶ ಕೇಳುತ್ತಿರುವಾಗ. ಕಲ್ಲು ಬಿಟ್ಟ ಮೇಲೆ ಸ್ಕಿಪ್ ಗಂಟಲು ಹರಿದುಹೋಗುವಂತೆ 'ಹರಿ ಹಾರ್ಡ್' ಅಂತ ಕಿರುಚುತ್ತಾನೆ, ಅಂದರೆ ಜೋರಾಗಿ ಉಜ್ಜಿ ಅಂತ.

ಸಸ್ಕಾಚೆವಾನ್ ತಂಡ ಆಡುವ ಅಂಕಣದ ಕಡೆ ಹಸಿರು ಅಂಗಿ, ಹಸಿರು ಟೋಪಿ, ಹಸುವಿನ ಗಂಟೆ. ಪ್ರಾಂತ್ಯ ಕೊನೆಯ ಸಲ ಬ್ರಯರ್ ಗೆದ್ದದ್ದು 1980ರಲ್ಲಿ, ರಿಕ್ ಫೋಕ್ ಸ್ಕಿಪ್ ಆಗಿದ್ದಾಗ. ಕರ್ಲಿಂಗೇ ತಮ್ಮ ಆಟ ಅನ್ನುವ ಜನಕ್ಕೆ ಇದು ಸಣ್ಣ ನೋವಲ್ಲ. ಇದೇ ರಿಜೈನಾದ ರಿಚರ್ಡ್‌ಸನ್ ಕುಟುಂಬ, ಇಬ್ಬರು ಅಣ್ಣತಮ್ಮಂದಿರು ಮತ್ತು ಅವರ ದಾಯಾದಿಗಳು, 1959ರಿಂದ 1963ರೊಳಗೆ ನಾಲ್ಕು ಸಲ ಬ್ರಯರ್ ಗೆದ್ದಿತ್ತು. ಅಜ್ಜ ಆ ನಾಲ್ವರ ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳಿದರು: ಎರ್ನಿ, ಸ್ಯಾಮ್, ಆರ್ನಲ್ಡ್, ವೆಸ್.

ಪಂದ್ಯ ಮುಗಿದ ಮೇಲೆ ಜನ ಮನೆಗೆ ಹೋಗುವುದಿಲ್ಲ, ಬ್ರಯರ್ ಪ್ಯಾಚ್‌ಗೆ ಹೋಗುತ್ತಾರೆ. ಪಕ್ಕದಲ್ಲೇ ಹಾಡು, ಕುಣಿತ, ಬಿಯರ್ ಇರುವ ದೊಡ್ಡ ಹಾಲ್. ಅಲ್ಲಿನ ಸದ್ದಿಗೆ ನಾನು ಅರ್ಧ ಗಂಟೆಗೆ ಸೋತೆ. ಪೆರೋಗಿ ಒಂದು ಪ್ಲೇಟ್ ತಿಂದು ಹೊರಟೆವು. ಆಲೂಗಡ್ಡೆ, ಚೀಸ್ ತುಂಬಿದ ಉಕ್ರೇನಿನ ಕಡುಬು ಅದು. ಬಯಲು ಪ್ರಾಂತ್ಯದಲ್ಲಿ ಸಸ್ಯಾಹಾರಿಗಳನ್ನು ಕಾಪಾಡುವುದು ಇದೇ.

ಗುರುವಾರ, ವೇಬರ್ನ್

ಫೋನ್ ಮಾಡಿಕೊಂಡು ಹೋದೆವು. ರಿಜೈನಾದಿಂದ ಆಗ್ನೇಯಕ್ಕೆ ನೂರು ಚಿಲ್ಲರೆ ಕಿಲೋಮೀಟರ್. ಟರ್ನರ್ ದಂಪತಿ ವರ್ಷಾನುಗಟ್ಟಲೆ ಕೂಡಿಟ್ಟದ್ದೆಲ್ಲ ಇಲ್ಲಿ ಕರ್ಲಿಂಗ್ ಮ್ಯೂಸಿಯಂ ಆಗಿದೆ. ಹಳೇ ಕಲ್ಲು, ಬ್ರೂಮ್, ಕೈಹೆಣಿಗೆಯ ಸ್ವೆಟರ್. ಗೋಡೆ ತುಂಬ ಕ್ಲಬ್ಬುಗಳ ಪಿನ್ನುಗಳು, ಸಾವಿರಗಟ್ಟಲೆ. ಬೇರೆ ಊರಿಗೆ ಆಡಲು ಹೋದವರು ಪಿನ್ ಕೊಟ್ಟು ಪಿನ್ ತೆಗೆದುಕೊಳ್ಳುವುದು ಇಲ್ಲಿನ ಚಟ. ಗೋಡೆ ಮೇಲಿನ ಎಷ್ಟೋ ಊರುಗಳು ಈಗ ಹೆಸರಿಗಷ್ಟೇ ಇವೆ, ಜನ ಇಲ್ಲ ಅಂದ ಪುಟ್ಟ.

ಆಟ ಹುಟ್ಟಿದ್ದು ಸ್ಕಾಟ್ಲೆಂಡಿನ ಹೆಪ್ಪುಗಟ್ಟಿದ ಕೆರೆಗಳ ಮೇಲೆ. ಅಲ್ಲಿಂದ ವಲಸೆ ಬಂದವರು 1807ರಲ್ಲಿ ಮಾಂಟ್ರಿಯಲ್‌ನಲ್ಲಿ ಕ್ಲಬ್ ಕಟ್ಟಿದರು. ಅದು ಇಂದಿಗೂ ನಡೆಯುತ್ತಿದೆ. ಗ್ರಾನೈಟ್ ಸಿಗದ ಕಡೆ ಕ್ವಿಬೆಕ್‌ನವರು ಕಬ್ಬಿಣದ ಕಲ್ಲು ಮಾಡಿಕೊಂಡರು, ಇನ್ನು ಕೆಲವರು ಮರದ ದಿಮ್ಮಿ. ಹಳ್ಳಿ ಮಕ್ಕಳಿಗೆ ಜಾಮ್ ಡಬ್ಬಿಯಲ್ಲಿ ಸಿಮೆಂಟ್ ತುಂಬಿ ಹಿಡಿ ಹಾಕಿಕೊಡುತ್ತಿದ್ದರು. ಸ್ಕಾಟ್ಲೆಂಡಿನ ಐಲ್ಸಾ ಕ್ರೇಗ್ ಅನ್ನುವ ಸಣ್ಣ ದ್ವೀಪದ ಗ್ರಾನೈಟ್ ಇಂದಿಗೂ ಒಲಿಂಪಿಕ್ಸ್ ಕಲ್ಲಿಗೆ ಬೇಕು.

ಬಯಲು ಪ್ರಾಂತ್ಯಗಳಲ್ಲಿ ಇದು ಹಬ್ಬಿದ್ದಕ್ಕೆ ಕಾರಣ ಸರಳ. ಸುಗ್ಗಿ ಮುಗಿದ ಮೇಲೆ ಐದು ತಿಂಗಳು ರೈತನಿಗೆ ಹೊಲದಲ್ಲಿ ಕೆಲಸವಿಲ್ಲ. ಐಸ್‌ಗೆ ದುಡ್ಡು ಕೊಡಬೇಕಾಗಿರಲಿಲ್ಲ. ಒಂದು ಶೆಡ್ ಕಟ್ಟಿ ನೀರು ಬಿಟ್ಟರೆ ಚಳಿಯೇ ಉಳಿದದ್ದು ಮಾಡುತ್ತಿತ್ತು. ಗಂಡಸರು, ಹೆಂಗಸರು, ಹತ್ತು ವರ್ಷದವರು, ಎಂಬತ್ತರವರು ಎಲ್ಲರೂ ಆಡಬಹುದು. ಪಕ್ಕದೂರಿನವರನ್ನು ಕರೆದು ವಾರಾಂತ್ಯವೆಲ್ಲ ಆಡಿದರೆ ಅದು ಬಾನ್‌ಸ್ಪೀಲ್. 1947ರಲ್ಲಿ ನಿಪಾವಿನ್ ಅನ್ನುವ ಸಣ್ಣ ಊರು ಗೆದ್ದ ತಂಡಕ್ಕೆ ಕಾರುಗಳನ್ನೇ ಬಹುಮಾನ ಇಟ್ಟಿತ್ತು!

ಇನ್ನೊಂದು ಗಾಜಿನ ಪೆಟ್ಟಿಗೆಯಲ್ಲಿ ಹುಲ್ಲಿನ ಬ್ರೂಮ್‌ಗಳು. ಹಿಂದೆ ಅವುಗಳನ್ನು ಐಸಿಗೆ ಪಟಪಟ ಬಡಿಯುತ್ತಾ ಓಡುತ್ತಿದ್ದರಂತೆ. ಈಗಿನದ್ದು ಬಟ್ಟೆಯ ಪ್ಯಾಡ್. ಆ ಬಟ್ಟೆಯ ವಿಷಯಕ್ಕೂ 2015ರಲ್ಲಿ ದೊಡ್ಡ ರಂಪವಾಯಿತು. ಕೆಲವು ಹೊಸ ಬಟ್ಟೆಗಳಿಂದ ಉಜ್ಜಿದರೆ ಕಲ್ಲನ್ನು ಬೇಕಾದ ಕಡೆ ತಿರುಗಿಸಬಹುದು, ಇದು ಆಟವೇ ಅಲ್ಲ ಅಂತ ಆಟಗಾರರೇ ತಕರಾರು ತೆಗೆದರು. 2016ರಲ್ಲಿ ವಿಜ್ಞಾನಿಗಳನ್ನು ಕೂರಿಸಿ ಪರೀಕ್ಷೆ ಮಾಡಿ, ಎಲ್ಲರಿಗೂ ಒಂದೇ ಬಟ್ಟೆ ಅಂತ ತೀರ್ಮಾನಿಸಿದರು.

ಶುಕ್ರವಾರ, ಮತ್ತೆ ಸಸ್ಕಟೂನ್

ಅವತ್ತು ಶಿವರಾತ್ರಿ. ಸೊಸೆಗೆ ಉಪವಾಸ. ಬೆಳಿಗ್ಗೆಯೇ ರಿಜೈನಾ ಬಿಟ್ಟು ಸಂಜೆ ದೇವಸ್ಥಾನಕ್ಕೆ ಹೋಗಿ ಬಂದೆವು. ಜಾಗರಣೆಗೆ ಅಂತ ಪುಟ್ಟ ಟಿವಿಯಲ್ಲಿ ಬ್ರಯರ್ ಹಾಕಿದ. ಪಂದ್ಯ ಮುಗಿದ ಮೇಲೆ ಜಾಗರಣೆಯೂ ಮುಗಿಯಿತು.

ಶನಿವಾರ

ಪುಟ್ಟ ಬಿಡಲಿಲ್ಲ, ಕ್ಲಬ್ಬಿಗೆ ಕರೆದುಕೊಂಡು ಹೋಗಿ ನನ್ನ ಕೈಗೆ ಕೋಲು ಕೊಟ್ಟ. ತಲೆಗೆ ಹೆಲ್ಮೆಟ್. ಮಂಡಿನೋವಿನವರಿಗೆ ಕೋಲು ವರ. ಎಳೆಯರು ಒಂದು ಕಾಲಿಗೆ ಜಾರುವ ತಳ ಹಾಕಿಕೊಂಡು, ಹ್ಯಾಕ್ ಅನ್ನುವ ರಬ್ಬರ್ ಮೆಟ್ಟಿಗೆ ಇನ್ನೊಂದು ಕಾಲು ಒತ್ತಿ, ನೆಲಕ್ಕೆ ಅಂಟಿಕೊಂಡ ಹಾಗೆ ಜಾರುತ್ತಾರೆ. ನೋಡಲು ಏನೂ ಕಷ್ಟ ಅನ್ನಿಸದು. ನನ್ನ ಕಲ್ಲು ಆಚೆಯ ಹಾಗ್ ಲೈನ್, ಅಂದರೆ ಹೌಸ್‌ಗೆ ಮುಂಚಿನ ಗೆರೆ, ದಾಟಲಿಲ್ಲ. ದಾಟದ ಕಲ್ಲನ್ನು ತೆಗೆದುಬಿಡುತ್ತಾರೆ.

ಕ್ಲಬ್ ನಡೆಸುವವರ ಜೊತೆ ಮಾತಾಡಿದರೆ ಚಿಂತೆಯೂ ಹೊರಬೀಳುತ್ತದೆ. ಐಸ್ ಮಾಡುವ ಯಂತ್ರ, ಕರೆಂಟು, ಸೋರುವ ಛಾವಣಿ ಎಲ್ಲಕ್ಕೂ ದುಡ್ಡು. ಹಳ್ಳಿಗಳಲ್ಲಿ ಶಾಲೆ ಮುಚ್ಚಿದ ಹಾಗೆ ರಿಂಕ್‌ಗಳೂ ಮುಚ್ಚುತ್ತಿವೆ. ಕಲಿಯಲು ಬನ್ನಿ ಅಂತ ಹೊಸ ವಲಸಿಗರನ್ನು ಕರೆಯುವುದು ಬರೀ ಸೌಜನ್ಯ ಅಲ್ಲ, ಅಗತ್ಯ. ಪುಟ್ಟ ಸೇರಿದ್ದೂ ಹಾಗೆಯೇ. ಮೇಲಿನ ಹಂತದಲ್ಲಿ ಆಟಗಾರರು ಈಗ ಬಹುಪಾಲು ವೃತ್ತಿಪರರು. ಸ್ವೀಡನ್, ಸ್ಕಾಟ್ಲೆಂಡ್, ಸ್ವಿಟ್ಜರ್ಲೆಂಡ್ ಬಹಳ ಮುಂದೆ ಬಂದಿವೆ. 2018ರ ಒಲಿಂಪಿಕ್ಸ್‌ನಲ್ಲಿ ಕೆನಡಾದ ಗಂಡಸರ ತಂಡಕ್ಕೂ ಹೆಂಗಸರ ತಂಡಕ್ಕೂ ಪದಕ ಸಿಗಲಿಲ್ಲ. ಮಿಶ್ರ ಜೋಡಿಯ ಚಿನ್ನ ಮಾತ್ರ ಮಾನ ಉಳಿಸಿತು.

ಭಾನುವಾರ

ಅವತ್ತು ಕೆನಡಾದ ಹೆಚ್ಚಿನ ಕಡೆ ಗಡಿಯಾರ ಒಂದು ಗಂಟೆ ಮುಂದೆ ಇಟ್ಟರು. ಸಸ್ಕಾಚೆವಾನ್ ಇಡಲಿಲ್ಲ, ಅವರು ಯಾವತ್ತೂ ಇಡುವುದಿಲ್ಲ.

ಫೈನಲ್ ನೋಡಲು ಕ್ಲಬ್ಬಿನ ಹಾಲ್ ತುಂಬಿತ್ತು. ಸಸ್ಕಾಚೆವಾನ್ ಫೈನಲ್‌ಗೆ ಬಂದಿತ್ತು, ಅದೂ ಸಸ್ಕಟೂನ್‌ನ ತಂಡ. ಸ್ಕಿಪ್ ಮೈಕ್ ಮೆಕ್ಯೂವನ್ ಮಾತ್ರ ಪಕ್ಕದ ಮ್ಯಾನಿಟೋಬಾದವರು. ಹೊರಗಿನ ಒಬ್ಬರನ್ನು ಸೇರಿಸಿಕೊಳ್ಳಲು ನಿಯಮ ಬಿಡುತ್ತದೆ. ಎದುರು ಬ್ರ್ಯಾಡ್ ಗೂಶು, ನ್ಯೂಫೌಂಡ್‌ಲ್ಯಾಂಡ್‌ನವರು. 2006ರಲ್ಲಿ ಅವರ ತಂಡ ಒಲಿಂಪಿಕ್ಸ್ ಫೈನಲ್ ಆಡುವ ದಿನ ಅವರ ಪ್ರಾಂತ್ಯ ಮಧ್ಯಾಹ್ನ ಶಾಲೆಗಳಿಗೆ ರಜೆ ಕೊಟ್ಟಿತ್ತು, ಮಕ್ಕಳು ನೋಡಲಿ ಅಂತ. ಚಿನ್ನ ಗೆದ್ದ ಆತನಿಗೆ ಬ್ರಯರ್ ಗೆಲ್ಲಲು ಮಾತ್ರ 2017ರವರೆಗೆ ಕಾಯಬೇಕಾಯಿತು. ಅದೂ ತನ್ನೂರು ಸೇಂಟ್ ಜಾನ್ಸ್‌ನಲ್ಲಿ. ಅಲ್ಲಿಂದ ಮುಂದೆ ಗೆಲ್ಲುತ್ತಲೇ ಹೋದರು.

ಈ ಸಲವೂ ಗೂಶು ಗೆದ್ದರು, 9-5. ಸ್ಕಿಪ್ ಆಗಿ ಅದು ಆರನೆಯ ಬ್ರಯರ್. ಹಾಲ್‌ನಲ್ಲಿ ಒಬ್ಬರು 'ಅಯ್ಯೋ' ಅನ್ನುವ ಅರ್ಥದ್ದೇನೋ ಅಂದರು, ಉಳಿದವರು ಚಪ್ಪಾಳೆ ಹೊಡೆದರು. ಟಿವಿಯಲ್ಲಿ ಆಟಗಾರರು ಕೈಕುಲುಕುತ್ತಿದ್ದಾಗಲೇ ಇಲ್ಲಿ ಚರ್ಚೆ ಶುರು. ಸ್ಕಿಪ್ ನಮ್ಮವನಾಗಿದ್ದರೆ ಗೆಲ್ಲುತ್ತಿದ್ದೆವು ಅಂತ ಒಬ್ಬ ಹಿರಿಯ. ಸೋಮವಾರ ನನಗೆ ಆಟ ಹೇಳಿಕೊಟ್ಟ ಹೆಂಗಸು ಬಿಡಲಿಲ್ಲ: "ಗೆದ್ದಿದ್ದರೆ ನಮ್ಮವನು, ಸೋತರೆ ಮ್ಯಾನಿಟೋಬಾದವನು, ಅಲ್ವಾ?" ಎಲ್ಲರೂ ನಕ್ಕರು, ಹಿರಿಯನೂ ನಕ್ಕ. ಅಡುಗೆಮನೆಯಿಂದ ಉಳಿದ ಪೆರೋಗಿ ಬಂತು. ಪುಟ್ಟನೂ ಬಸ್ ಡ್ರೈವರೂ ಮೂಲೆಯಲ್ಲಿ ಫೋನ್ ತೆಗೆದು ಕೂತರು. ಮುಂದಿನ ವರ್ಷದ ಬ್ರಯರ್ ಬ್ರಿಟಿಷ್ ಕೊಲಂಬಿಯಾದ ಕೆಲೋನಾದಲ್ಲಿ, ಹೋಟೆಲ್ ರೂಮಿಗೆ ಈಗಲೇ ಹುಡುಕಾಟ.